ಗಲ್ಲು ಕೇಳಿದವರು, ಚಿಕಿತ್ಸೆ ಕೇಳಿದವರು

2024ರ ಮಾರ್ಚ್ 4ರ ಬೆಳಿಗ್ಗೆ ಕಡಬದ ಸರಕಾರಿ ಪದವಿಪೂರ್ವ ಕಾಲೇಜಿನ ಜಗಲಿಯಲ್ಲಿ ಪರೀಕ್ಷೆಗೆ ಓದಿಕೊಳ್ಳುತ್ತಿದ್ದ ಮೂವರು ವಿದ್ಯಾರ್ಥಿನಿಯರ ಮೇಲೆ ಆಸಿಡ್ ದಾಳಿಯಾಯಿತು. ಕೇರಳದಿಂದ ಬಂದಿದ್ದ ಆರೋಪಿ ಕೂಡಲೇ ಸಿಕ್ಕಿಬಿದ್ದ.

ಇಂಥ ಸುದ್ದಿ ಬಂದಾಗಲೆಲ್ಲ ಮೊದಲು ಏಳುವ ಕೂಗು ‘ಗಲ್ಲಿಗೇರಿಸಿ’. ವರಂಗಲ್‌ನಲ್ಲಿ 2008ರ ಡಿಸೆಂಬರಿನಲ್ಲಿ ಇಬ್ಬರು ಎಂಜಿನಿಯರಿಂಗ್ ವಿದ್ಯಾರ್ಥಿನಿಯರಿಗೆ ಆಸಿಡ್ ಎರಚಿದ ಮೂವರು ಆರೋಪಿಗಳು ಪೊಲೀಸರ ಗುಂಡಿಗೆ ಬಲಿಯಾದಾಗ ಜನ ಸಂಭ್ರಮಿಸಿದ್ದರು. ಸಿಟ್ಟು ಸಹಜವೇ. ಆದರೆ ಸುಟ್ಟ ಮುಖ ಹೊತ್ತವರ ಬೇಡಿಕೆ ಅಷ್ಟಕ್ಕೇ ನಿಂತದ್ದಲ್ಲ.

ಬೆಂಗಳೂರಿನ ಹಸೀನಾ ಹುಸೇನ್ ಕೆಲಸ ಬಿಟ್ಟಿದ್ದಕ್ಕೆ 1999ರಲ್ಲಿ ಹಳೆಯ ಮಾಲೀಕನೇ ಆಸಿಡ್ ಸುರಿದ. ಕಣ್ಣು ಹೋಯಿತು. ಶಸ್ತ್ರಚಿಕಿತ್ಸೆಗಳಿಗೆ ಮನೆಯವರು ಬರಿಗೈಯಾದರು. ಆಗ ಆಸಿಡ್ ದಾಳಿಗೆಂದೇ ಕಾನೂನಿನಲ್ಲಿ ಸೆಕ್ಷನ್ ಇರಲಿಲ್ಲ. ಹೊಡೆದು ಗಾಯ ಮಾಡಿದ ಲೆಕ್ಕದಲ್ಲೇ ಇದೂ ಸೇರಿಹೋಗುತ್ತಿತ್ತು. ಕೆಳ ನ್ಯಾಯಾಲಯದ ಶಿಕ್ಷೆ ಸಾಲದೆಂದು ಮೇಲ್ಮನವಿ ಹೋದ ಮೇಲೆ 2006ರ ಆಗಸ್ಟಿನಲ್ಲಿ ಕರ್ನಾಟಕ ಹೈಕೋರ್ಟ್ ಜೀವಾವಧಿ ವಿಧಿಸಿತು. ಹಸೀನಾ ಮನೆಯೊಳಗೆ ಕೂರದೆ ಸಭೆ, ಪ್ರತಿಭಟನೆಗಳಲ್ಲಿ ಕಾಣಿಸಿಕೊಂಡರು. ಶಿಕ್ಷೆಯ ಜತೆಗೆ ಚಿಕಿತ್ಸೆಯ ಖರ್ಚು, ಬದುಕಲು ಒಂದು ದಾರಿ, ಅಂಗಡಿಯಲ್ಲಿ ನೀರಿನಂತೆ ಸಿಗುವ ಆಸಿಡ್‌ಗೆ ತಡೆ, ಇವೂ ಬೇಡಿಕೆಯ ಪಟ್ಟಿಯಲ್ಲಿದ್ದವು. ಕಾನೂನು ಆಯೋಗದ 226ನೇ ವರದಿಯಲ್ಲಿ ಆಕೆಯ ಪ್ರಕರಣದ ಪ್ರಸ್ತಾಪವಿದೆ.

ದೆಹಲಿಯಲ್ಲಿ ಹದಿಹರೆಯದಲ್ಲೇ ದಾಳಿಗೊಳಗಾದ ಲಕ್ಷ್ಮಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 2013ರಲ್ಲಿ ಸಂಸತ್ತು 326ಎ ಸೆಕ್ಷನ್ ತಂದಿತು: ಕನಿಷ್ಠ 10 ವರ್ಷ, ಗರಿಷ್ಠ ಜೀವಾವಧಿ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೀಗ 124ನೇ ಸೆಕ್ಷನ್. 2013ರ ಜುಲೈ 18ರಂದು ಸುಪ್ರೀಂ ಕೋರ್ಟ್, ಗುರುತಿನ ಚೀಟಿ ನೋಡದೆ ಆಸಿಡ್ ಮಾರಬಾರದು, 18 ತುಂಬದವರಿಗೆ ಕೊಡಲೇಬಾರದು, ಕೊಂಡವರ ಹೆಸರು ರಿಜಿಸ್ಟರಿನಲ್ಲಿ ಬರೆಯಬೇಕು, ಸಂತ್ರಸ್ತರಿಗೆ ಕನಿಷ್ಠ 3 ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಎಂದಿತು.

ಶಿಕ್ಷೆ ಹೆಚ್ಚಿಸಲು ಸರಕಾರಕ್ಕೆ ದುಡ್ಡು ಬೇಕಿಲ್ಲ, ಚಪ್ಪಾಳೆಯೂ ಸಿಗುತ್ತದೆ. ರಿಜಿಸ್ಟರ್ ನೋಡಲು ಅಧಿಕಾರಿಯೊಬ್ಬ ಬಿಸಿಲಲ್ಲಿ ಅಂಗಡಿ ಸುತ್ತಬೇಕು. ಕಡಬ, ಸುಳ್ಯದಂಥ ರಬ್ಬರ್ ಸೀಮೆಯಲ್ಲಂತೂ ರಬ್ಬರ್ ಹಾಲು ಹೆಪ್ಪುಗಟ್ಟಿಸಿ ಶೀಟು ಮಾಡಲು ಫಾರ್ಮಿಕ್ ಆಸಿಡ್ ಬೇಕೇ ಬೇಕು. ಇಲ್ಲಿ ಪೂರ್ತಿ ನಿಷೇಧದ ಮಾತು ನಡೆಯದು, ಲೆಕ್ಕ ಇಡುವ ಕೆಲಸವೇ ನಡೆಯಬೇಕು.

ಕೋರ್ಟಿನೊಳಗೂ ಸಂತ್ರಸ್ತರ ಜಾಗ ತುಸು ಹಿಗ್ಗಿದೆ. ಮೊದಲು ಆರೋಪಿ ಖುಲಾಸೆಯಾದರೆ ಅಪೀಲು ಹೋಗುವುದು ಬಹುಮಟ್ಟಿಗೆ ಸರಕಾರದ ಮರ್ಜಿಗೆ ಬಿಟ್ಟದ್ದು. ನಮ್ಮದೇ ರಾಜ್ಯದ ಮಲ್ಲಿಕಾರ್ಜುನ ಕೊಡಗಲಿ ಪ್ರಕರಣದಲ್ಲಿ, 2018ರ ಅಕ್ಟೋಬರ್ 12ರಂದು, ಸಂತ್ರಸ್ತರು ವಿಶೇಷ ಅನುಮತಿ ಬೇಡದೆ ಮೇಲ್ಮನವಿ ಸಲ್ಲಿಸಬಹುದೆಂದು ಸುಪ್ರೀಂ ಕೋರ್ಟ್ 2–1ರ ಬಹುಮತದಲ್ಲಿ ಹೇಳಿತು.

ಇಷ್ಟೆಲ್ಲ ಹಕ್ಕು ಕಾಗದದಲ್ಲಿದ್ದರೂ ಅರ್ಜಿ ಹಾಕಿದರೇನೇ ಕೈಗೆ ಬರುವುದು ಹೆಚ್ಚು. 2018ರ ರಾಷ್ಟ್ರೀಯ ಯೋಜನೆಯಂತೆ ಮುಖ ವಿರೂಪಗೊಂಡವರಿಗೆ ಪರಿಹಾರ 7ರಿಂದ 8 ಲಕ್ಷ ರೂಪಾಯಿ. ಅರ್ಜಿಯನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕೊಡಬೇಕು. ದಾರಿ ತಿಳಿಯದಿದ್ದರೆ 15100ಕ್ಕೆ ಫೋನ್ ಮಾಡಿ ಕೇಳಿ.