ಹೊರಗೆ ಕುಳಿತವನ ಗೆಲವು

ನಮ್ಮ ಬೀಜಾಡಿಯ ಕಡಲ ದಂಡೆಯಲ್ಲಿ ಹುಡುಗರು ಹೊಯಿಗೆಯ ಮೇಲೆ ಗೆರೆಯೆಳೆದು ಕಬಡ್ಡಿಯಾಡುವುದನ್ನು ನೋಡಿದವರಿಗೆ ಆ ಆಟದ ಒಂದು ಧರ್ಮವು ತಿಳಿದೇ ಇರುವುದು. ಎದುರಾಳಿಯ ಕೈ ಸೋಂಕಿದವನು ಹೊರಗೆ ಹೋಗಿ ಕುಳಿತುಕೊಳ್ಳಬೇಕು. ಆದರೆ ಅವನ ಕಡೆಯವರು ಎದುರಾಳಿಯೊಬ್ಬನನ್ನು ಹೊರಗಟ್ಟಿದರೆ, ಮೊದಲು ಹೊರಬಿದ್ದವನು ಮರಳಿ ಒಳಗೆ ಬರುತ್ತಾನೆ. ಬಿದ್ದವನಿಗೆ ಪುನರ್ಜನ್ಮವನ್ನೀಯುವ ಆಟವಿದು.

ಈ ಆಟವನ್ನೇ ವೃತ್ತಿಯಾಗಿ ಆಡುವ ಪ್ರೊ ಕಬಡ್ಡಿ ಪಂದ್ಯಾವಳಿಯು 2014ರಲ್ಲಿ ಮೊದಲಾಯಿತು. ನಮ್ಮ ನಾಡಿನ ಬೆಂಗಳೂರು ಬುಲ್ಸ್ ತಂಡವು 2015ರಲ್ಲಿ ಅಂತಿಮ ಪಂದ್ಯದವರೆಗೆ ಏರಿ, ಯು ಮುಂಬಾ ತಂಡಕ್ಕೆ 36–30ರಿಂದ ಸೋತಿತು. ಆ ಬಳಿಕ ಪಟ್ಟವು ಕೈಗೆಟುಕಿದ್ದು ಆರನೆಯ ಆವೃತ್ತಿಯಲ್ಲಿ.

ಈ ತಂಡದಲ್ಲಿ ಹಿಂದೆ ಆಡಿದ್ದ ಪವನ್ ಸೆಹ್ರಾವತ್ ಎಂಬ ತರುಣನು 2017ರಲ್ಲಿ ಗುಜರಾತಿನ ತಂಡವನ್ನು ಸೇರಿದ್ದನು. ಅಲ್ಲಿ ಅವನಿಗೆ ಹೆಚ್ಚಿನ ಅವಕಾಶ ದೊರೆಯಲಿಲ್ಲ. ಮರುವರ್ಷದ ಹರಾಜಿನಲ್ಲಿ ಬೆಂಗಳೂರಿನವರು ಅವನನ್ನು ಮರಳಿ ಕರೆದುಕೊಂಡರು. ರೋಹಿತ್ ಕುಮಾರನ ನಾಯಕತ್ವದಲ್ಲಿ ತಂಡವು ಅಂತಿಮ ಪಂದ್ಯವನ್ನು ತಲಪಿದಾಗ ಎದುರಿಗಿದ್ದುದು ಅದೇ ಗುಜರಾತ್!

2019ರ ಜನವರಿ 5ರಂದು ಮುಂಬಯಿಯಲ್ಲಿ ನಡೆದ ಆ ಪಂದ್ಯವನ್ನು ನೆರೆಮನೆಯ ದೂರದರ್ಶನದಲ್ಲಿ ನೋಡಿದೆನು. ಅರ್ಧ ಆಟ ಮುಗಿದಾಗ ಗುಜರಾತಿಗೆ 16, ನಮಗೆ 9. ಮಕ್ಕಳ ಮುಖ ಬಾಡಿತು. ಆಮೇಲೆ ಪವನನು ಉಸಿರು ಕಟ್ಟಿ ಎದುರಾಳಿಗಳ ನಡುವೆ ನುಗ್ಗಿ ನುಗ್ಗಿ ಬಂದನು. ಕೊನೆಗೆ 38–33ರಿಂದ ಬೆಂಗಳೂರು ಗೆದ್ದಿತು. ಆ 38 ಅಂಕಗಳಲ್ಲಿ 22 ಅವನೊಬ್ಬನವೇ!

ಮನೆಯವರೆಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾಗ ನನ್ನ ಮನಸ್ಸು ಬೇರೆಲ್ಲಿಯೋ ಇತ್ತು. ನಾನು ಉಪಾಧ್ಯಾಯನಾದ ಮೊದಲ ವರ್ಷಗಳಲ್ಲಿ ಶಾಲೆಯ ಕಬಡ್ಡಿ ತಂಡವನ್ನು ಆರಿಸುವ ಕೆಲಸ ನನ್ನದಾಗಿತ್ತು. ಒಬ್ಬ ಸಣಕಲು ಹುಡುಗನು ದಿನವೂ ಎಲ್ಲರಿಗಿಂತ ಮೊದಲು ಬಂದು ನಿಲ್ಲುತ್ತಿದ್ದನು. ನಾನು ಅವನ ಮೈಕಟ್ಟನ್ನು ಮಾತ್ರ ನೋಡಿ, ನೀರಿನ ಕೊಡವನ್ನು ಕಾಯಲು ಕೂರಿಸಿದೆನು. ವರ್ಷವಿಡೀ ಅವನು ಕುಳಿತೇ ಇದ್ದನು. ಮರುವರ್ಷ ಮೈದಾನಕ್ಕೆ ಬರಲಿಲ್ಲ. ಏಕೆಂದು ನಾನೂ ಕೇಳಲಿಲ್ಲ.

ಮಕ್ಕಳಿಗೆ ರಾಮಶಬ್ದವನ್ನು ಉರುಹೊಡೆಸುವಾಗ, ತಪ್ಪಿದವನಿಗೆ ಹತ್ತು ಸಲ ಅವಕಾಶ ಕೊಟ್ಟ ನಾನು, ತಪ್ಪನ್ನೇ ಮಾಡದ ಆ ಬಾಲಕನಿಗೆ ಒಂದು ಸಲವೂ ಕೊಡಲಿಲ್ಲ. ಅವನಲ್ಲಿ ಎಂತಹ ಆಟವಿತ್ತೋ, ಏನೂ ಇರಲಿಲ್ಲವೋ, ಅದನ್ನು ತಿಳಿಯುವ ದಾರಿಯನ್ನೇ ನಾನು ಮುಚ್ಚಿದೆನು.

ಆ ರಾತ್ರಿಯ ಬಳಿಕ ನಿವೃತ್ತಿಯವರೆಗೆ, ಮೈದಾನಕ್ಕೆ ಬಂದ ಪ್ರತಿಯೊಬ್ಬ ಹುಡುಗನನ್ನೂ ಒಮ್ಮೆಯಾದರೂ ಆಟಕ್ಕೆ ಇಳಿಸಿದೆನು. ಅದರಿಂದ ಕೆಲವು ಪಂದ್ಯಗಳನ್ನು ಸೋತದ್ದೂ ಉಂಟು. ವಾಚಕರೇ, ತಮ್ಮ ಮನೆಯಲ್ಲಿಯೂ ಒಂದು ಮಗು ಮೂಲೆಯಲ್ಲಿ ಸುಮ್ಮನೆ ಕುಳಿತಿರಬಹುದು. ಅದನ್ನು ಒಮ್ಮೆ ಒಳಗೆ ಕರೆಯಿರಿ.