ಅಣ್ಣಿಗೇರಿಯ ಅಮೃತೇಶ್ವರ ಗುಡಿ: ಕೇಳಿದ್ದೆಷ್ಟು, ನಿಜವೆಷ್ಟು?

ಹುಬ್ಬಳ್ಳಿ–ಗದಗ ದಾರಿಯಲ್ಲಿರುವ ಅಣ್ಣಿಗೇರಿ ಒಂದು ಕಾಲಕ್ಕೆ ರಾಜಧಾನಿಯಾಗಿತ್ತು. ಅದಕ್ಕೆ ಸಾಕ್ಷಿ ಕೇಳಿದವರಿಗೆ ಊರವರು ತೋರಿಸುವುದು ಅಮೃತೇಶ್ವರ ಗುಡಿಯನ್ನು. ಈ ಗುಡಿಯ ಬಗ್ಗೆ ಬಾಯಿಂದ ಬಾಯಿಗೆ ಬಂದ ಕೆಲವು ಮಾತುಗಳು ಇಸವಿಯ ಲೆಕ್ಕಕ್ಕೂ ಕಲ್ಲಿನ ಗುಣಕ್ಕೂ ಹೊಂದುವುದಿಲ್ಲ.

ತಪ್ಪು ಕಲ್ಪನೆ 1: ಊರು ರಾಜಧಾನಿಯಾಯಿತು, ಅದಕ್ಕೇ ಇಷ್ಟು ದೊಡ್ಡ ಗುಡಿ ಎದ್ದಿತು.

ವಾಸ್ತವ: ಗುಡಿ ಮೊದಲು, ರಾಜಧಾನಿ ಆಮೇಲೆ. ಗುಡಿ ಕಟ್ಟಿದ್ದು 1050ರ ಸುಮಾರಿಗೆ, ಕಲ್ಯಾಣ ಚಾಲುಕ್ಯರ ಒಂದನೇ ಸೋಮೇಶ್ವರನ ಕಾಲದಲ್ಲಿ. ಆಗ ರಾಜಧಾನಿ ಕಲ್ಯಾಣ, ಅಂದರೆ ಈಗಿನ ಬಸವಕಲ್ಯಾಣ. ಅಣ್ಣಿಗೇರಿ ಬೆಳ್ವೊಲ-300 ಎಂಬ ಎರೆನಾಡಿನ ಮುಖ್ಯ ಪಟ್ಟಣ. ನಡುವೆ ಚಾಲುಕ್ಯರ ಗದ್ದುಗೆ ಕಸಿದಿದ್ದ ಕಲಚುರಿಗಳ ಆಳ್ವಿಕೆ ಕುಸಿದು ಚಾಲುಕ್ಯರು ಮತ್ತೆ ತಲೆಯೆತ್ತಿದಾಗ, 1184ರ ಸುಮಾರಿಗೆ, ನಾಲ್ಕನೇ ಸೋಮೇಶ್ವರ ಇಲ್ಲಿಂದ ಆಳಿದ. ಅಷ್ಟರಲ್ಲಿ ಗುಡಿಗೆ ನೂರಾ ಮೂವತ್ತು ವರ್ಷ ತುಂಬಿತ್ತು. ಆ ವೈಭವವೂ ಹೆಚ್ಚು ದಿನ ಬಾಳಲಿಲ್ಲ. ಬಡಗಣದಿಂದ ಸೇವುಣರು, ತೆಂಕಣದಿಂದ ಹೊಯ್ಸಳರು ರಾಜ್ಯವನ್ನು ಹಂಚಿಕೊಂಡರು.

ತಪ್ಪು ಕಲ್ಪನೆ 2: ಆದಿಕವಿ ಪಂಪ ಈ ಗುಡಿಯ ನೆರಳಿನಲ್ಲಿ ಬೆಳೆದ.

ವಾಸ್ತವ: ಪಂಪ ಹುಟ್ಟಿದ್ದು 902ರಲ್ಲಿ, ಎರಡೂ ಕಾವ್ಯ ಮುಗಿಸಿದ್ದು 941ರ ಹೊತ್ತಿಗೆ. ಗುಡಿ ಎದ್ದದ್ದು ಅದಾಗಿ ನೂರು ವರ್ಷಕ್ಕೆ. ಪಂಪನಿಗೂ ಅಣ್ಣಿಗೇರಿಗೂ ಇರುವ ನಂಟು ಮಾತ್ರ ಗಟ್ಟಿಯಾದದ್ದು. ಅವನ ತಮ್ಮ ಜಿನವಲ್ಲಭ ಕೆತ್ತಿಸಿದ ಕುರ್ಕ್ಯಾಲ ಶಾಸನ, ತಾಯಿ ಅಬ್ಬಣಬ್ಬೆಯನ್ನು ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ಹೇಳುತ್ತದೆ.

ತಪ್ಪು ಕಲ್ಪನೆ 3: ಇದು ಜಕಣಾಚಾರಿಯ ಕೈಕೆಲಸ.

ವಾಸ್ತವ: ನಮ್ಮ ಕಡೆ ಹಳೆಯ ಕಲ್ಲುಗುಡಿ ಯಾವುದಿದ್ದರೂ ಜಕಣಾಚಾರಿಯ ಲೆಕ್ಕಕ್ಕೆ ಸೇರಿಸುವುದು ರೂಢಿ. ಬೇಲೂರಿನ ಕಥೆಯಲ್ಲೂ ಅವನೇ ನಾಯಕ. ಬೇಲೂರು ಗುಡಿಯ ಕಾಲ 1117, ಅಣ್ಣಿಗೇರಿಯದು 1050. ಎರಡಕ್ಕೂ ಒಬ್ಬನೇ ಉಳಿ ಹಿಡಿದಿರಲಾರ. ಇಂಥ ಗುಡಿ ಒಬ್ಬನ ಜಾಣ್ಮೆಯಿಂದ ಏಳುವುದಲ್ಲ; ತಲೆಮಾರುಗಳ ಕಾಲ ಕಸುಬು ಕಲಿತ ರೂವಾರಿಗಳ ಗುಂಪೇ ಬೇಕು.

ತಪ್ಪು ಕಲ್ಪನೆ 4: ಕರಿಗಲ್ಲು, ನಯವಾದ ಕೆತ್ತನೆ, ಅಂದಮೇಲೆ ಇದು ಹೊಯ್ಸಳರ ಗುಡಿ, ಕಲ್ಲು ಗ್ರಾನೈಟು.

ವಾಸ್ತವ: ಎರಡೂ ಅಲ್ಲ. ಇದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿದಂತೆ ಬಿಗಿಯಾಗುತ್ತದೆ. ಬಾದಾಮಿ, ಪಟ್ಟದಕಲ್ಲಿನಲ್ಲಿ ಹಿಂದಿನ ಚಾಲುಕ್ಯರು ಬಳಸಿದ್ದು ಮರಳುಗಲ್ಲು. ಬಳಪದ ಕಲ್ಲಿಗೆ ಬಂದಾಗ ಕೆಲಸದ ಬಗೆಯೇ ಬದಲಾಯಿತು: ಕಂಬಗಳನ್ನು ತಿರುಗಣೆಗೆ ಕೊಟ್ಟು ಬಳೆ ಬಳೆಯಾಗಿ ಕಡೆಯಬಹುದು, ಬೆರಳುಗುರಿನಷ್ಟು ಸಣ್ಣ ಹೂಬಳ್ಳಿಯನ್ನೂ ಬಿಡಿಸಬಹುದು. ಈ ಕಲ್ಲಿನಲ್ಲಿ ಎದ್ದ ಮೊದಮೊದಲ ಚಾಲುಕ್ಯ ಗುಡಿಗಳಲ್ಲಿ ಅಮೃತೇಶ್ವರವೂ ಒಂದು. ಇದರಲ್ಲಿ 76 ಕಂಬಗಳಿವೆ. ಇದೇ ಜಾಡಿನಲ್ಲಿ 1112ರಲ್ಲಿ ಇಟಗಿಯ ಮಹಾದೇವ ಗುಡಿ ಎದ್ದಿತು. ಹೊಯ್ಸಳರು ಈ ಕಲ್ಲನ್ನೂ ಕಸುಬನ್ನೂ ಮುಂದುವರಿಸಿದವರು.

ತಪ್ಪು ಕಲ್ಪನೆ 5: ಅರಮನೆಯ ಕುರುಹಿಲ್ಲ, ಹಾಗಾಗಿ ರಾಜಧಾನಿಯೆಂಬುದು ಬರೀ ಬಡಾಯಿ.

ವಾಸ್ತವ: ಕಲ್ಯಾಣದಲ್ಲಾದರೂ ಚಾಲುಕ್ಯರ ಅರಮನೆ ಎಲ್ಲಿದೆ? ಕಲ್ಲು ದೇವರಿಗೆ, ಮರ–ಮಣ್ಣು ಮನುಷ್ಯರಿಗೆ. ಆ ಕಾಲದ ಪದ್ಧತಿ ಅದು. ಹಂಪಿಯಲ್ಲೂ ಅರಮನೆಗಳ ಕಲ್ಲಿನ ಜಗಲಿಗಳಷ್ಟೇ ಉಳಿದಿವೆ. ಚಾಲುಕ್ಯರ ಆಡಳಿತದಲ್ಲಿ ಪರರಾಜ್ಯಗಳೊಡನೆ ಸಂಧಿ–ಯುದ್ಧಗಳ ವ್ಯವಹಾರ ನೋಡಿಕೊಳ್ಳಲು ಸಂಧಿವಿಗ್ರಹಿ ಎಂಬ ದೊಡ್ಡ ಅಧಿಕಾರಿಯೇ ಇದ್ದ. ಅಂಥವರು ದೂತರನ್ನು ಕೂರಿಸಿ ಮಾತಾಡಿದ ಚಾವಡಿಗಳೂ ಮಣ್ಣುಪಾಲಾಗಿವೆ. ರಾಜಧಾನಿಯ ಸಾಕ್ಷಿಯನ್ನು ಶಾಸನಗಳಲ್ಲಿ ನೋಡಬೇಕು.

ಗುಡಿ ಈಗ ಭಾರತೀಯ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಬಳಪದ ಕಲ್ಲು ಎಷ್ಟು ಬಿಗಿಯಾದರೂ ಗ್ರಾನೈಟಿನಷ್ಟು ಗಟ್ಟಿಯಲ್ಲ. ಒಂದು ಮೊಳೆ ಸಾಕು ಗೀರು ಬೀಳಲು. ನೋಡಲು ಹೋದವರು ಕಂಬದ ಮೇಲೆ ಹೆಸರು ಕೊರೆಯಬೇಡಿ, ಜೊತೆಗಿರುವ ಮಕ್ಕಳನ್ನೂ ಕೊರೆಯಲು ಬಿಡಬೇಡಿ.