ತೊಲ, ನ್ಯೂಟನ್ ಮತ್ತು ಕಾರವಾರದ ಬಸ್ಸು

ಒಂಬತ್ತನೇ ತರಗತಿಯ ಮೊಮ್ಮಗಳು ವಿಜ್ಞಾನದ ಉತ್ತರಪತ್ರಿಕೆ ಹಿಡಿದು ಮುಖ ಊದಿಸಿಕೊಂಡು ಬಂದಳು. 50 ಕಿಲೋಗ್ರಾಂ ದ್ರವ್ಯರಾಶಿಯ ವಸ್ತುವಿನ ತೂಕವೆಷ್ಟು ಎಂಬ ಪ್ರಶ್ನೆಗೆ ಅವಳು 50 ಕಿಲೋ ಎಂದು ಬರೆದಿದ್ದಳು. ಸಿಕ್ಕಿದ್ದು ಸೊನ್ನೆ.

ನನಗೂ ಸಿಟ್ಟು ಬಂತು. ಬ್ಯಾಂಕಿನಲ್ಲಿ ಬಂಗಾರದ ಸಾಲದ ಪುಸ್ತಕದಲ್ಲಿ ವರ್ಷಗಟ್ಟಲೆ 'ತೂಕ ಇಷ್ಟು ಗ್ರಾಂ' ಎಂದೇ ಬರೆದವನು ನಾನು. ನಾನು ಚಿಕ್ಕವನಿದ್ದಾಗ, 1957ರಲ್ಲಿ, ರೂಪಾಯಿಗೆ 16 ಆಣೆ ಹೋಗಿ 100 ನಯಾಪೈಸೆ ಬಂತು. ಅದರ ಹಿಂದೆಯೇ ಸೇರು ಹೋಗಿ ಕಿಲೋ ಬಂತು. ಆದರೂ ಅಂಕೋಲೆಯ ಅಜ್ಜಿಯಂದಿರ ಬಾಯಲ್ಲಿ ಬಂಗಾರಕ್ಕೆ ತೊಲವೇ. ಒಂದು ತೊಲ ಎಂದರೆ 11.66 ಗ್ರಾಂ, 80 ತೊಲ ಸೇರಿದರೆ ಒಂದು ಸೇರು.

ಮೊಮ್ಮಗಳೇ ನನಗೆ ಪಾಠ ಹೇಳಿದಳು. "ಅಜ್ಜಾ, ನಿಮ್ಮ ತಕ್ಕಡಿಯನ್ನು ಚಂದ್ರನ ಮೇಲಿಟ್ಟರೂ ಬಂಗಾರ ಅಷ್ಟೇ ತೋರಿಸುತ್ತದೆ. ಎರಡೂ ತಟ್ಟೆಯ ಸೆಳೆತ ಒಟ್ಟಿಗೇ ಕಡಿಮೆಯಾಗುತ್ತದಲ್ಲ! ಅದು ದ್ರವ್ಯರಾಶಿ. ತೂಕ ಅಂದರೆ ಭೂಮಿ ಎಳೆಯುವ ಬಲ. ಅದಕ್ಕೆ ನ್ಯೂಟನ್ ಹಾಕಬೇಕಿತ್ತು." 50ನ್ನು 9.8ರಿಂದ ಗುಣಿಸಿದರೆ 490 ನ್ಯೂಟನ್. ಬಿ.ಕಾಂ. ಓದಿದವನಿಗೆ ಗುಣಾಕಾರವೇನೂ ಕಷ್ಟವಲ್ಲ, ಬಿಡಿ.

ಮರುದಿನ ಇಬ್ಬರೂ ಕಾರವಾರಕ್ಕೆ ಹೊರಟೆವು. ಅವರ್ಸಾ, ಅಮದಳ್ಳಿ ದಾಟಿ ಬಿಣಗಾ ಬಂತು. ನಿಲ್ದಾಣಕ್ಕೆ ಮೊದಲೇ ಎದ್ದು ನಿಲ್ಲುವುದು ನನ್ನ ಹಳೇ ಚಟ. ಬೈತಖೋಲ ದಾಟುತ್ತಲೇ ಎದ್ದೆ. ಎದುರಿಗೆ ಆಕಳೊಂದು ಬಂತು, ಚಾಲಕ ಬ್ರೇಕ್ ಒತ್ತಿದ. ಬಸ್ಸು ನಿಂತಿತು, ನಾನು ನಿಲ್ಲಲಿಲ್ಲ. ಮೊಮ್ಮಗಳು ಅಂಗಿ ಹಿಡಿದೆಳೆಯದಿದ್ದರೆ ಸೊಂಟದ ಮೂಳೆಯ ಗತಿ ದೇವರೇ ಬಲ್ಲ.

ಸೀಟಿನಲ್ಲಿ ಕೂರಿಸಿ, ಟಿಕೆಟಿನ ಹಿಂಬದಿಯಲ್ಲಿ ಲೆಕ್ಕ ಮಾಡಿದಳು. ಬಸ್ಸಿನ ವೇಗ ಗಂಟೆಗೆ 36 ಕಿಲೋಮೀಟರ್ ಎಂದುಕೊಂಡರೆ ಸೆಕೆಂಡಿಗೆ 10 ಮೀಟರ್. ನನ್ನ ದೇಹವೂ ಅದೇ ವೇಗದಲ್ಲಿ ಓಡುತ್ತಿರುತ್ತದೆ. ಯಾವುದಾದರೂ ಬಲ ತಡೆಯುವವರೆಗೆ ಓಡುತ್ತಲೇ ಇರುತ್ತದೆ. ಇದು ನ್ಯೂಟನ್ನನ ಮೊದಲ ನಿಯಮ. ಎರಡು ಸೆಕೆಂಡಿನಲ್ಲಿ ನಿಲ್ಲಬೇಕಾದರೆ ವೇಗ ಪ್ರತಿ ಸೆಕೆಂಡಿಗೆ 5 ಮೀಟರಿನಷ್ಟು ಇಳಿಯಬೇಕು. ನನ್ನ 62 ಕಿಲೋವನ್ನು ಅದರಿಂದ ಗುಣಿಸಿದರೆ 310 ನ್ಯೂಟನ್, ಇದು ಎರಡನೆಯ ನಿಯಮ. ಅಂದರೆ 30 ಕಿಲೋ ಮೀರಿದ ಅಕ್ಕಿ ಚೀಲವನ್ನು ಎತ್ತಿ ಹಿಡಿದಷ್ಟು ಬಲ.

"ಅಷ್ಟನ್ನು ಒಂದು ಕೈಯಲ್ಲಿ ಹಿಡಿಯುತ್ತೀರಾ, ಅಜ್ಜಾ?"

ಕಾರವಾರದ ನಿಲ್ದಾಣದಲ್ಲಿ ಬಸ್ಸು ಪೂರ್ತಿ ನಿಂತ ಮೇಲೆಯೇ ಎದ್ದೆ. ಹಿಂದಿನವರು ಗೊಣಗಿದರು. ಗೊಣಗಲಿ.